ನೆಲಕ್ಕೆ ಕಿವಿಯಿಟ್ಟವನು

ಮಟ್ಟಣ್ಣನ ಸುದ್ದಿ ದೊಡ್ಡಮ್ಮನಿಗೆ ಮೊದಲು ಗೊತ್ತಾದದ್ದು ಅವಳ ತಂಗಿಯಿಂದ, ಮಹಡಿಯ ಮೇಲೆ ಇಬ್ಬರೂ ಒದ್ದೆ ಬಟ್ಟೆ ಹರವುತ್ತಿದ್ದಾಗ. ಗಂಡ ತೀರಿಕೊಂಡ ಮೇಲೆ ದೊಡ್ಡಮ್ಮ ಆ ಮನೆಯಲ್ಲಿ ಒಬ್ಬಳೇ ಇದ್ದಳು. ಗೋಡೆಯೊಳಗಿನ ಕೊಳವೆ ಒಡೆದು ನಡುಮನೆಯ ನೆಲವೆಲ್ಲ ಉಬ್ಬಿ ಕೂತಿತ್ತು. ಕಾಲಿಟ್ಟ ಕಡೆಯೆಲ್ಲ ಟೈಲುಗಳು ಅಲ್ಲಾಡುವ ಹಲ್ಲಿನಂತೆ ಕಟಕಟ ಎನ್ನುತ್ತಿದ್ದವು.

"ಒಬ್ಬ ಇದ್ದಾನೆ," ಅಂದಳು ತಂಗಿ, ಬಾಯಲ್ಲಿ ಬಟ್ಟೆಕ್ಲಿಪ್ಪು ಕಚ್ಚಿಕೊಂಡೇ. "ಮಟ್ಟಣ್ಣ ಅಂತಾರೆ. ಅವನು ಹಾಕಿದ ನೆಲದ ಮೇಲೆ ಗೋಲಿ ಬಿಟ್ರೆ ಎತ್ತ ಹೋಗೋದು ಅಂತ ಗೊತ್ತಾಗದೆ ಪಾಪ ನಿಂತ್ಬಿಡುತ್ತೆ."

ಆ ಕ್ಲಿಪ್ಪಿನ ಸಮೇತ ತಂಗಿಯ ಬಾಯಿ ಅವತ್ತೇ ಮುಚ್ಚಿಸಬೇಕಿತ್ತು ಎಂದು ದೊಡ್ಡಮ್ಮ ಆಮೇಲೆ ಅದೆಷ್ಟು ಸಲ ಅಂದುಕೊಂಡಳೋ.

ಮಟ್ಟಣ್ಣ ಬಂದ. ಐವತ್ತು ದಾಟಿದ ಕಡ್ಡಿಯಂಥ ಮನುಷ್ಯ; ಮೊಣಕಾಲುಗಳು ಮಾತ್ರ ನೆಲ ಉಜ್ಜಿ ಉಜ್ಜಿ ಚಪ್ಪಲಿಯ ಅಟ್ಟೆಯ ಹಾಗೆ ದಡ್ಡುಗಟ್ಟಿದ್ದವು. ಚಪ್ಪಲಿ ಹೊರಗೆ ಬಿಟ್ಟು, ಕಣ್ಣು ಮುಚ್ಚಿಕೊಂಡು, ನಡುಮನೆಯಲ್ಲಿ ಒಂದು ಸುತ್ತು ಹಾಕಿದ. ಆಮೇಲೆ ಈ ನೆಲ ಹಾಕಿದವನು ಯಾರು, ಬದುಕಿದ್ದಾನೋ ಸತ್ತಿದ್ದಾನೋ ಎಂದು ಕೇಳಿದ. ದೊಡ್ಡಮ್ಮನ ಗಂಡನೇ ಮುಂದೆ ನಿಂತು ಹಾಕಿಸಿದ ನೆಲ ಅದು. ಅವಳು ಸತ್ತಿದ್ದಾನೆ ಎಂದಳು. ಒಳ್ಳೇದಾಯ್ತು ಅಂದುಬಿಟ್ಟ ಪುಣ್ಯಾತ್ಮ.

ಆದರೆ ಕೆಲಸಗಾರ. ಅದನ್ನು ಮಾತ್ರ ಯಾರೂ ಅಲ್ಲಗಳೆಯುವಂತಿರಲಿಲ್ಲ. ಅವನು ಚಿಕ್ಕವನಿದ್ದಾಗಲೇ ಅವನಪ್ಪ ಕಣ್ಣಿಗೆ ಬಟ್ಟೆ ಕಟ್ಟಿ ಹೊಸ ನೆಲಗಳ ಮೇಲೆ ಬರಿಗಾಲಲ್ಲಿ ನಡೆಸಿ, ತಗ್ಗು ಎಲ್ಲಿ, ಉಬ್ಬು ಎಲ್ಲಿ ಎಂದು ಕೇಳುತ್ತಿದ್ದನಂತೆ; ತಪ್ಪಿದರೆ ತಲೆಗೊಂದು ಮೊಟಕು. ಹಾಗೆ ಬೆಳೆದವನು ಅಂಗಡಿ, ಸಿನಿಮಾ ಮಂದಿರ, ಶಾಲೆ ಎಲ್ಲಕ್ಕೂ ನೆಲ ಹಾಕಿದ್ದ. ಮಟ್ಟ ನೋಡುವ ಸಾಮಾನು ಎಂದು ಒಂದು ದಾರವೂ ಅವನ ಚೀಲದಲ್ಲಿ ಇರುತ್ತಿರಲಿಲ್ಲ. ಒಂದು ಸಾಲು ಟೈಲು ಕೂರಿಸಿದ ಮೇಲೆ ಮಂಡಿಯೂರಿ ಬಗ್ಗಿ, ಬಲಗೆನ್ನೆಯನ್ನು ನೆಲಕ್ಕೆ ಒತ್ತಿ, ಇರುವೆಯ ಎತ್ತರದಿಂದ ಸಾಲಿನುದ್ದಕ್ಕೂ ನೋಡುವನು. ಅದೇ ಭಂಗಿಯಲ್ಲಿ ಕರಣೆಯ ಹಿಡಿಯಿಂದ ಟಕ್ ಟಕ್ ಬಡಿದು, ಟೈಲಿನಡಿ ಎಲ್ಲಾದರೂ ಪೊಳ್ಳು ಇದೆಯೇ ಎಂದು ಕಿವಿಗೊಟ್ಟು ಕೇಳುವನು. ಆ ಬಲಗಿವಿಯ ಮಡಿಕೆಗಳಲ್ಲಿ ಸಿಮೆಂಟು ಕೂತು ಕೂತು ಅದು ಕಲ್ಲಿನಲ್ಲಿ ಕೆತ್ತಿದಂತೆ ಆಗಿತ್ತು.

ಇನ್ನೊಂದು ಸಾಲು ಬಾಕಿ ಇರುವಾಗ ಒಂದು ಸಣ್ಣ ಎಡವಟ್ಟು ನಡೆಯಿತು. ಉಗ್ರಾಣದ ಬಾಗಿಲು ಗಿಡ್ಡ. ಬಗ್ಗಿ ಹೋಗು ಎಂದು ದೊಡ್ಡಮ್ಮ ಹೇಳುತ್ತಿದ್ದ ಹಾಗೇ ಸಿಮೆಂಟಿನ ಮೂಟೆ ಹೊತ್ತಿದ್ದ ಮಟ್ಟಣ್ಣ ಹಣೆಯನ್ನು ಬಾಗಿಲಿನ ಮೇಲ್ಪಟ್ಟಿಗೆ ಢಣಾರನೆ ಬಡಿದುಕೊಂಡ. ಸ್ವಲ್ಪ ಹೊತ್ತು ಕೂತು ಎದ್ದ. ಅವನೂ ಮರೆತ, ಅವಳೂ ಮರೆತಳು.

ನೆಲ ಮುಗಿಯಿತು. ಕನ್ನಡಿಯ ಹಾಗಿತ್ತು. ದೊಡ್ಡಮ್ಮ ಅಡುಗೆಮನೆಗೆ ಸಾಗಿಸಿದ್ದ ತನ್ನ ಮಂಚವನ್ನು ವಾಪಸು ತರಿಸುವ ಲೆಕ್ಕ ಹಾಕುತ್ತಿದ್ದಳು. ಮಟ್ಟಣ್ಣ ಕೊನೆಯ ಸಲಕ್ಕೆಂದು ಬಲಗೆನ್ನೆ ನೆಲಕ್ಕಿಟ್ಟವನು ಎರಡೂ ಅಂಗೈ ಊರಿ ನೆಲವನ್ನೇ ತಬ್ಬಿ ಹಿಡಿದ. ಮುಖ ಬಿಳಿಚಿತು. ಕಿಟಕಿ ಮೂಲೆಗೆ ಜಾರ್ತಿದೆ ಅಂದ. ದೊಡ್ಡಮ್ಮನಿಗೆ ಯಾವುದೂ ಜಾರಿದಂತೆ ಕಾಣಲಿಲ್ಲ. ಅವಳು ಬಾಯಿ ತೆರೆಯುವುದರೊಳಗೆ ಅವನು ಉಳಿ ಸುತ್ತಿಗೆ ತೆಗೆದು, ಮಗುವಿನ ಹಲ್ಲಿನಷ್ಟು ನೀಟಾಗಿ ಕೂತಿದ್ದ ಟೈಲುಗಳನ್ನು ಎಬ್ಬಿಸಿಯೇ ಬಿಟ್ಟ.

ಎರಡನೆಯ ಸಲ ಹಾಕಿದ. ಮತ್ತೆ ಬಲಗೆನ್ನೆ, ಮತ್ತೆ ತಬ್ಬಿ ಹಿಡಿಯುವುದು, ಮತ್ತೆ ಉಳಿ ಸುತ್ತಿಗೆ. ದೊಡ್ಡಮ್ಮನ ಸಂಸಾರವೆಲ್ಲ ಅಡುಗೆಮನೆಗೆ ಬಂದು ಬಿದ್ದಿತ್ತು. ಕಾಲು ಚಾಚಿದರೆ ಪಾತ್ರೆ ಸ್ಟ್ಯಾಂಡು, ಮಗ್ಗುಲಾದರೆ ಒಲೆ. ಹೊರಗೆ ಹೋಗಬೇಕಾದರೆ ಜಲ್ಲಿಯ ಮೇಲೆ ಹಾಸಿದ ಹಲಗೆಯ ಮೇಲೆ ಸರ್ಕಸ್ಸಿನವರಂತೆ ಕೈ ಚಾಚಿಕೊಂಡು ನಡೆಯಬೇಕು. ತಿಂದ ಅನ್ನದಲ್ಲೂ ಸಿಮೆಂಟು ಹಲ್ಲಿಗೆ ಸಿಗುತ್ತಿತ್ತು. ಬೇರೆಯವನನ್ನು ಕರೆಯೋಣವೆಂದರೆ, ಅರ್ಧಕ್ಕೆ ಬಿಟ್ಟ ನೆಲ ಮುಟ್ಟಲು ಯಾರೂ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಮಟ್ಟಣ್ಣನಿಗೇ ಸಿಗದ ಮಟ್ಟ ನಮಗೆಲ್ಲಿ ಸಿಗುತ್ತೆ ಎಂದು ಕೈಮುಗಿದು ಜಾರಿಕೊಂಡರು.

ತಲೆಕೆಟ್ಟು ಅವಳೇ ಕಬ್ಬಿಣದ ಅಂಗಡಿಗೆ ಹೋಗಿ ಮಟ್ಟ ನೋಡುವ ಕೋಲು ತಂದಳು. ಹಳದಿ ಕೋಲು, ನಡುವೆ ಒಂದು ಗಾಜಿನ ನಳಿಗೆ, ಅದರಲ್ಲಿ ಹಸಿರು ನೀರು, ನೀರಿನಲ್ಲೊಂದು ಗುಳ್ಳೆ. ಗುಳ್ಳೆ ನಡುವೆ ನಿಂತರೆ ನೆಲ ಸಮ ಎಂದು ಅಂಗಡಿಯವನು ಹೇಳಿಕೊಟ್ಟಿದ್ದ. ಮಟ್ಟಣ್ಣ ಅದನ್ನು ಸತ್ತ ಇಲಿಯನ್ನು ನೋಡುವಂತೆ ನೋಡಿದ.

"ಗುಳ್ಳೆ ಹೇಳಿದ್ದು ಕೇಳ್ಕೊಂಡು ನಾನು ನೆಲ ಹಾಕ್ಬೇಕಾ, ದೊಡ್ಡಮ್ಮ? ಅದಕ್ಕಿಂತ ಬಳೆ ತೊಡಿಸಿಬಿಡಿ."

ಕೋಲು ಅಕ್ಕಿ ಡಬ್ಬದ ಹಿಂದೆ ಹೋಯಿತು.

ಮಾರನೆಯ ದಿನ ಅವನ ಹೆಂಡತಿ ಬಂದು ಹಲಗೆಯ ತುದಿಯಲ್ಲಿ ಕೂತು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಬಟ್ಟೆ ಅಂಗಡಿಯೊಂದರ ನೆಲವನ್ನೂ ಹೀಗೇ ಅಗೆದು ಹಾಕಿ ಬೈಸಿಕೊಂಡು ಬಂದಿದ್ದಾನಂತೆ. ರಾತ್ರಿ ಬಲಮಗ್ಗುಲಿಗೆ ಹೊರಳುವುದೇ ಇಲ್ಲವಂತೆ, ಹೊರಳಿದರೆ ಮಂಚದ ಪಟ್ಟಿ ಹಿಡಿದುಕೊಂಡು ಎದ್ದು ಕೂರುತ್ತಾನಂತೆ. ಈ ಮನೆಯ ನೆಲ ಕೂರಲಿಲ್ಲ ಅಂದರೆ ಕರಣೆ ಬಾವಿಗೆ ಎಸೆದು ಎಲ್ಲಾದರೂ ಗೇಟು ಕಾಯುತ್ತೇನೆ ಎಂದಿದ್ದಾನಂತೆ. "ಅವ್ರಿಗೆ ಬೇರೇನೂ ಬರಲ್ಲ ದೊಡ್ಡಮ್ಮ," ಅಂದಳು. "ನಗೋಕೂ ಸರಿಯಾಗಿ ಬರಲ್ಲ."

ಆವತ್ತು ದೊಡ್ಡಮ್ಮ ಹಲಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಹೊಸದಾಗಿ ಕೂರಿಸಿದ್ದ ನಾಲ್ಕು ಟೈಲಿಗೆ ಅವನು ಕೆನ್ನೆಯಿಟ್ಟ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಅವನ ಕಣ್ಣುಗುಡ್ಡೆಗಳು ತಾವಾಗಿಯೇ ಸರ್ರನೆ ಎಳೆದು, ಎಳೆದು, ಕುಣಿಯತೊಡಗಿದವು, ಓಡುವ ರೈಲಿನ ಕಿಟಕಿಯಿಂದ ಕಂಬಗಳನ್ನು ನೋಡುವವನ ಕಣ್ಣಿನಂತೆ. ಇವನೋ ನೆಲಕ್ಕೆ ಅಂಟಿಕೊಂಡು ಬಿದ್ದಿದ್ದಾನೆ.

ಎಡಗೆನ್ನೆ ಇಡು ನೋಡೋಣ ಅಂದಳು. ಕೇಳಲಿಲ್ಲ. ಇಡದಿದ್ದರೆ ಊಟಕ್ಕೆ ಹಾಕುವುದಿಲ್ಲ ಅಂದಳು. ಗೊಣಗುತ್ತ ಇಟ್ಟ. ಕಣ್ಣು ಅಲುಗಲಿಲ್ಲ.

"ಜಾರ್ತಿದೆಯಾ?"

"ಇಲ್ಲ."

"ಮತ್ತೆ?"

"ಎಡಗಿವಿಗೆ ಏನು ಗೊತ್ತಾಗುತ್ತೆ? ಅದು ಸುಳ್ಳು ಹೇಳುತ್ತೆ."

ದೊಡ್ಡಮ್ಮನಿಗೆ ಮೈ ಪರಚಿಕೊಳ್ಳುವಷ್ಟು ಕೋಪ ಬಂತು. ಒಂದು ಕೆನ್ನೆಗೆ ಸೊಟ್ಟ, ಇನ್ನೊಂದು ಕೆನ್ನೆಗೆ ನೆಟ್ಟಗೆ ಇರುವ ನೆಲ ಭೂಮಿಯ ಮೇಲೆ ಎಲ್ಲಾದರೂ ಉಂಟೇ? ಅವಳು ಓದಿದ್ದು ಮೂರನೆಯ ತರಗತಿ. ಆದರೆ ಅಷ್ಟು ಗೊತ್ತಾಗಲು ನಾಲ್ಕನೆಯದು ಬೇಕಿರಲಿಲ್ಲ. ಕೆಟ್ಟಿರುವುದು ನೆಲವಲ್ಲ, ಆ ಬಲಗಿವಿ ಎಂದು ಸೀರೆ ಬದಲಿಸಿ ಅವನನ್ನು ಕಿವಿ ಡಾಕ್ಟರ ಬಳಿಗೆ ಹೊರಡಿಸಿದಳು.

ದಾರಿಯುದ್ದಕ್ಕೂ ಅವನದು ಒಂದೇ ರಾಗ. ಕಣ್ಣಿನವರ ಹತ್ತಿರ ಕರ್ಕೊಂಡು ಹೋದ್ರೆ ಒಂದರ್ಥ, ಹೊಟ್ಟೆಯವರ ಹತ್ತಿರ ಆದ್ರೂ ಒಂದರ್ಥ. ಕಿವೀನಾ? ಪಕ್ಕದ ಮನೆಯಲ್ಲಿ ಇರುವೆ ಕೆಮ್ಮಿದ್ರೂ ನಂಗೆ ಕೇಳುತ್ತೆ, ಟೈಲಿನಡಿ ಉಗುರಿನಷ್ಟು ಪೊಳ್ಳಿದ್ರೂ ಕೇಳುತ್ತೆ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ತಿರುಗಿ ನೋಡಿದರು. ದೊಡ್ಡಮ್ಮ ಕಿಟಕಿಯಾಚೆ ನೋಡುತ್ತ ಕೂತಳು.

ಡಾಕ್ಟರಮ್ಮನ ಮೇಜಿನ ಮೇಲೆ ತಲೆದಿಂಬಿನಷ್ಟು ದೊಡ್ಡ ಪ್ಲಾಸ್ಟಿಕ್ ಕಿವಿಯೊಂದಿತ್ತು. ಅವರು ಅದರ ಮುಚ್ಚಳ ತೆಗೆದು ಒಳಗನ್ನು ತೋರಿಸಿದರು: ತಮಟೆಯಂಥ ಪೊರೆ, ಅದಕ್ಕೆ ತಾಗಿಕೊಂಡು ಮೂರು ಪುಟಾಣಿ ಮೂಳೆ, ಅದರಾಚೆ ಸುರುಳಿ ಸುತ್ತಿದ ಬಸವನಹುಳ.

"ಕೇಳೋ ಕೆಲಸ ಈ ಬಸವನಹುಳದ್ದು. ಅದು ನಿಮಗೆ ಚೆನ್ನಾಗೇ ಇದೆ," ಅಂದರು. "ಅದರ ಪಕ್ಕದ ಮನೆ ನೋಡಿ."

ಪಕ್ಕದಲ್ಲಿ ಬಳೆಯ ತುಂಡುಗಳಂತೆ ಮೂರು ನಳಿಗೆಗಳು, ಒಂದೊಂದೂ ಒಂದೊಂದು ದಿಕ್ಕಿಗೆ ಬಾಗಿದ್ದವು. ಅವುಗಳೊಳಗೆ ನೀರಿರುತ್ತದಂತೆ. ತಲೆಯನ್ನು ತಿರುಗಿಸಿದಾಗ ಆ ನೀರು ಹಿಂದುಳಿದು, ಎತ್ತ ತಿರುಗಿತು ಎಂದು ಮಿದುಳಿಗೆ ವರದಿ ಕೊಡುತ್ತದಂತೆ. ನಳಿಗೆಗಳ ಬುಡದ ಚೀಲದಲ್ಲಿ ಅಂಟಿನ ಹಾಸಿಗೆ, ಅದರ ಮೇಲೆ ಸುಣ್ಣದ ಪುಡಿಯಂಥ ಹರಳುಗಳು. ವಯಸ್ಸಾಗಿಯೋ ತಲೆಗೆ ಪೆಟ್ಟು ಬಿದ್ದೋ ಆ ಹರಳು ಕಿತ್ತುಬಂದು ನಳಿಗೆಗೆ ಬಿದ್ದರೆ, ಆ ಕಿವಿಯನ್ನು ಕೆಳಗೆ ಮಾಡಿ ಮಲಗಿದಾಗೆಲ್ಲ ಉರುಳಿ ನೀರನ್ನು ತಳ್ಳುತ್ತದೆ. ಮಲಗಿದವನು ಅಲ್ಲಾಡದಿದ್ದರೂ ತಿರುಗುತ್ತಿದ್ದೇನೆ ಎಂದು ಮಿದುಳಿಗೆ ಸುಳ್ಳು ವರದಿ ಹೋಗುತ್ತದೆ. ಅದನ್ನು ನಂಬಿ ಕಣ್ಣುಗುಡ್ಡೆಗಳು ಕುಣಿಯುತ್ತವೆ. ತಲೆಗೆ ಏನಾದರೂ ಪೆಟ್ಟು ಬಿದ್ದಿತ್ತೇ ಎಂದು ಡಾಕ್ಟರಮ್ಮ ಕೇಳಿದರು.

ಮಟ್ಟಣ್ಣ ಮೆಲ್ಲಗೆ ದೊಡ್ಡಮ್ಮನ ಕಡೆ ತಿರುಗಿದ. "ನಿಮ್ಮ ಉಗ್ರಾಣದ ಬಾಗಿಲು," ಅಂದ.

ಡಾಕ್ಟರಮ್ಮ ಅವನ ತಲೆಯನ್ನು ಬಲಕ್ಕೆ ತಿರುಗಿಸಿ, ಮಂಚದ ಅಂಚಿನಿಂದಾಚೆ ಜೋತುಬೀಳುವಂತೆ ಮಲಗಿಸಿದರು. ಅವನು ಹೋಯ್ತು ಹೋಯ್ತು ಎನ್ನುತ್ತ ದೊಡ್ಡಮ್ಮನ ಕೈಯನ್ನು ಬಳೆ ನೆಗ್ಗುವಂತೆ ಹಿಡಿದುಕೊಂಡ. ಕಣ್ಣಿನ ಕುಣಿತ ನಿಂತ ಮೇಲೆ ತಲೆಯನ್ನು ಎಡಕ್ಕೆ ತಿರುಗಿಸಿದರು, ಕಾದರು. ಮೈಯನ್ನೂ ಹೊರಳಿಸಿ ಮುಖ ನೆಲ ನೋಡುವಂತೆ ಮಾಡಿದರು, ಕಾದರು. ಆಮೇಲೆ ಎಬ್ಬಿಸಿ ಕೂರಿಸಿದರು. ಅಷ್ಟೇ. ಹರಳು ಬಂದ ದಾರಿಯಲ್ಲೇ ಚೀಲಕ್ಕೆ ವಾಪಸು ಹೋಗುತ್ತದಂತೆ. ಮತ್ತೆ ಬಂದರೂ ಬರಬಹುದಂತೆ. ಮಾತ್ರೆಯೂ ಇಲ್ಲ, ಸೂಜಿಯೂ ಇಲ್ಲ. ಇದಕ್ಕೋಸ್ಕರ ಅಡುಗೆಮನೆಯಲ್ಲಿ ಮಲಗಿದೆನಲ್ಲ ಎಂದು ದೊಡ್ಡಮ್ಮ ಹಣೆ ಚಚ್ಚಿಕೊಂಡಳು.

ಹೋಗುವಾಗ ಗೊಣಗಿದವನಿಗೆ ಬರುವಾಗ ಕೊಂಬು ಬಂದಿತ್ತು. ಕಿವಿಗೆ ಮೂರರಂತೆ ತನ್ನ ತಲೆಯಲ್ಲಿ ಆರು ಮಟ್ಟದ ನಳಿಗೆ ಇವೆ ಎಂದು ಬಸ್ಸಿನ ಕಂಡಕ್ಟರಿಗೂ ಹೇಳಿದ. ಎಲ್ಲರ ತಲೆಯಲ್ಲೂ ಇವೆ ಕಣಯ್ಯಾ ಎಂದು ದೊಡ್ಡಮ್ಮ ಗದರಿದರೆ, ಇರಬಹುದು, ಆದರೆ ಕೆಲಸಕ್ಕೆ ಹಚ್ಚಿದವರು ಯಾರಿದ್ದಾರೆ ಅಂದ.

ಮೂರನೆಯ ಸಲ ಹಾಕಿದ ನೆಲವೇ ಈಗಲೂ ದೊಡ್ಡಮ್ಮನ ನಡುಮನೆಯಲ್ಲಿರುವುದು. ಅದಾದ ಮೇಲೆ ಅವನು ಊರಾಚೆ ದೊಡ್ಡ ಆಸ್ಪತ್ರೆಯೊಂದರ ನೆಲ ಹಿಡಿದು, ಆ ಕಡೆಗೇ ಮನೆ ಮಾಡಿಕೊಂಡ. ಅವಳನ್ನು ಮತ್ತೆ ಏನೂ ಕೇಳಿದವನಲ್ಲ. ಕೇಳಿದ್ದು ಆ ನೆಲ ಮುಗಿದ ಸಂಜೆ, ಅದೇ ಕೊನೆ.

ಬಲಗೆನ್ನೆ ನೆಲಕ್ಕೆ ತಾಗಿಸಲು ಅವನಿಗೆ ಧೈರ್ಯ ಬರಲಿಲ್ಲ. ಎರಡು ಸಲ ಬಗ್ಗಿದ, ಎರಡು ಸಲ ಎದ್ದು ಕರಣೆ ಒರೆಸಿದ. ಈ ಸಲ ಉಳಿ ತೆಗೆದರೆ ಅದರಲ್ಲೇ ಅವನನ್ನು ಮುಗಿಸುವುದೆಂದು ದೊಡ್ಡಮ್ಮ ತೀರ್ಮಾನಿಸಿದ್ದಳು. ಕೊನೆಗೆ ಇಟ್ಟ. ಕಣ್ಣು ಕುಣಿಯಲಿಲ್ಲ. ಆದರೂ ಮೇಲೇಳಲಿಲ್ಲ.

"ಜಾರ್ತಿಲ್ಲ," ಅಂದ, ಕೆನ್ನೆ ನೆಲದಲ್ಲೇ ಇಟ್ಟುಕೊಂಡು.

"ಏಳು ಮತ್ತೆ."

"ಜಾರ್ತಿಲ್ಲ ಅಂತ ಹೇಳ್ತಿರೋದೂ ಅದೇ ಕಿವಿ ಅಲ್ವಾ, ದೊಡ್ಡಮ್ಮ?"

ಅವನು ನಿಧಾನವಾಗಿ ಎದ್ದು, ಮಂಡಿಯ ಮೇಲಿನ ಸಿಮೆಂಟು ಕೊಡವಿ, ಕಿಟಕಿಯ ಕಡೆ ಮುಖ ಮಾಡಿ ನಿಂತ. ಅವಳಿಗೆ ಬೆನ್ನು ಹಾಕಿಕೊಂಡೇ ಕೇಳಿದ:

"ಆ ನಿಮ್ಮ ಗುಳ್ಳೆ ಕೋಲು ಅಕ್ಕಿ ಡಬ್ಬದ ಹಿಂದೆ ಇನ್ನೂ ಇದ್ರೆ, ನೀವೇ ಒಂದ್ಸಲ ಇಟ್ಟು ನೋಡಿ. ನಾನು ನೋಡಲ್ಲ. ಸರಿಯಿದ್ರೆ ನಂಗೇನೂ ಹೇಳ್ಬೇಡಿ."