ಸಿಡಿಲುಗಲ್ಲಿಗೆ ಹುರಳಿಯ ಎಡೆ

ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ನಾಗರಿಕತೆಗಳ ಏಳುಬೀಳನ್ನೆಲ್ಲ ಒಂದೇ ಪೀರಿಯಡ್ಡಿನಲ್ಲಿ ಮುಗಿಸುವಷ್ಟು ಕೈ ಪಳಗಿದೆ. ಬಾಗಲವಾಡದ ನಮ್ಮ ಅತ್ತೆಯ ಮುಂದೆ ಮಾತ್ರ ಆ ಪಾಠ ಕೈಕೊಟ್ಟಿತು.

ಅತ್ತೆಯ ದೇವರ ಜಗಲಿಯ ಮೇಲೆ ಅಂಗೈಯಗಲದ ಒಂದು ಕರಿ ಕಲ್ಲಿತ್ತು. ಕುರಿ ಕಾಯಲು ಗುಡ್ಡಕ್ಕೆ ಹೋಗಿದ್ದ ಮಾವ, ಮದುವೆಯಾದ ವರ್ಷ ತಂದುಕೊಟ್ಟದ್ದು. ಸಿಡಿಲಿನ ಜೊತೆ ಮುಗಿಲಿಂದ ಬಿದ್ದ ಕಲ್ಲೆಂದು ಆಕೆ ದಿನಾ ಅದಕ್ಕೆ ದೀಪ ಹಚ್ಚುತ್ತಿದ್ದಳು. ಮಾವ ತೀರಿಕೊಂಡ ಮೇಲಂತೂ ಅದರ ಮೇಲೆ ಅರಿಶಿನದ ಭಂಡಾರ ಒಂದು ಚಿಟಿಕೆ ಹೆಚ್ಚೇ ಬೀಳುತ್ತಿತ್ತು.

ಹಿರಿಯರ ಹಬ್ಬಕ್ಕೆಂದು ಹೋದವಳು ಒಮ್ಮೆ ಅದನ್ನು ಬೆಳಕಿಗೆ ಹಿಡಿದು ನೋಡಿದೆ. ಅಂಚು ಮಸೆದದ್ದು ಸ್ಪಷ್ಟವಾಗಿ ಕಂಡಿತು. ಓದಿದ ಬಾಯಿ ಸುಮ್ಮನಿರಬೇಕಲ್ಲ!

"ಅತ್ತೀ, ಇದು ಮುಗಿಲಿಂದ ಬಿದ್ದದ್ದಲ್ರೀ. ಕೊಡ್ಲಿ ಅದ. ಕಬ್ಬಿಣ ಗೊತ್ತಿಲ್ಲದ ಕಾಲದ ಮಂದಿ ಮಸದದ್ದು."

ಆಕೆ ಕಲ್ಲನ್ನು ಇಸಿದುಕೊಂಡಳು. ಆ ಸಂಜೆ ಎಲ್ಲ ದೇವರಿಗೂ ದೀಪ ಹಚ್ಚಿದಳು, ಕಲ್ಲಿನ ಮುಂದಿನ ಹಣತೆಯೊಂದನ್ನು ಬಿಟ್ಟು. ಗಂಡನನ್ನು ಕಳೆದುಕೊಂಡವಳಿಂದ ಗಂಡ ಕೊಟ್ಟ ದೇವರನ್ನೂ ಕಸಿದಿದ್ದೆ.

ಮರುದಿನ ಹಬ್ಬ. ಹೂರಣ ರುಬ್ಬುತ್ತಾ ಕೇಳಿದಳು: "ಆ ಮಂದಿ ಈಗ ಎಲ್ಲ್ಯದಾರ?"

"ಯಾರೂ ಉಳಿದಿಲ್ರೀ. ಅವರ ಊರು ಹಾಳಾಗಿ ಸಾವಿರಾರು ವರ್ಷ ಆತು."

"ದನ ಸಾಕಿದ್ರೇನು?"

"ಸಾಕಿದ್ರಂತರೀ. ದನ, ಕುರಿ ಎಲ್ಲಾ."

"ಮತ್ತ ಹಿರೇರ ಹಬ್ಬಕ್ಕ ಅವರಿಗೆ ಎಡಿ ಯಾರು ಹಿಡೀತಾರ?"

ಬೋರ್ಡಿನ ಮೇಲೆ ಎಷ್ಟೋ ಸಲ 'ಅವನತಿ' ಎಂದು ಬರೆದು ಅಡಿಗೆರೆ ಎಳೆದವಳು ನಾನು. ಎಡೆಯ ಮಾತು ಯಾವ ಪಾಠದಲ್ಲೂ ಇರಲಿಲ್ಲ.

"ಏನು ಉಣ್ತಿದ್ರು?"

"ಹುರಳಿ ಉಣ್ತಿದ್ರಂತ."

ಕೈ ತೊಳೆದುಕೊಂಡು ಆಕೆ ಒಲೆಯ ಮೇಲೆ ಇನ್ನೊಂದು ಗಡಿಗೆ ಇಟ್ಟಳು. "ಹೋಳಿಗಿ ಹಿಡಿದ್ರ ಅವರಿಗೆ ಗುರುತು ಹತ್ತಂಗಿಲ್ಲ ಬೇ. ಹುರಳಿ ಕುದಸ್ತೀನಿ."

ಮಧ್ಯಾಹ್ನದ ಹೊತ್ತಿಗೆ ಕಲ್ಲು ದೇವರ ಸಾಲಿನಿಂದ ಇಳಿದು ಮಾವನ ಫೋಟೋದ ಪಕ್ಕಕ್ಕೆ ಬಂದಿತ್ತು. ಮಾವನ ಮುಂದೆ ಹೋಳಿಗೆ, ಕಲ್ಲಿನ ಮುಂದೆ ಹುರಳಿ. ಎರಡಕ್ಕೂ ದೀಪ ಹಚ್ಚಿ ಅತ್ತೆ ನನ್ನನ್ನು ಹತ್ತಿರ ಕರೆದಳು.

"ಅವರ ಹೆಸರು ಹೇಳು, ಊಟಕ್ಕ ಕರೀತೀನಿ."

ಇಷ್ಟು ವರ್ಷ ಪಾಠ ಮಾಡಿದವಳಿಗೆ ಅವರಲ್ಲಿ ಒಬ್ಬರ ಹೆಸರೂ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ.

"ಇರಲಿ ಬಿಡು," ಎಂದು ಆಕೆ ಸೆರಗು ತಲೆಗೆಳೆದುಕೊಂಡು ಕೈಮುಗಿದಳು. "ಯಪ್ಪಾ, ಯವ್ವಾ, ಉಣ್ಣಾಕ ಬರ್ರಿ."

ನಾನೂ ಕರೆದೆ.