ದೊಡ್ಡಪ್ಪ ಒಪ್ಪದ ಮಸೆಗಲ್ಲುಗಳು

ನಮ್ಮ ಮನೆಯ ಹಳೇ ಮಸೆಗಲ್ಲನ್ನು ಒಡೆದವನು ನಾನೇ. ನಮ್ಮೂರು ಹರಿಯಬ್ಬೆಯ ಮನೆ ಅಂಗಳದಲ್ಲಿ ಸ್ಟ್ಯಾಂಡ್ ಸರಿಯಾಗಿ ಹಾಕದೆ ಬಿಟ್ಟ ಬೈಕು ಅದರ ಮೇಲೆ ಉರುಳಿ ಕಲ್ಲು ಎರಡು ಹೋಳಾಯಿತು. ದೊಡ್ಡಪ್ಪ ಬೈಯಲಿಲ್ಲ. ಕುರಿಗಳ ಉಣ್ಣೆ ಕತ್ತರಿಸುವುದರೊಳಗೆ ಬೇರೆ ಕಲ್ಲು ತಂದುಕೊಡು ಎಂದ, ಅಷ್ಟೇ. ಅದಕ್ಕೆ ಇನ್ನು ಹದಿನೈದು ದಿನವಿತ್ತು. ಕತ್ತರಿ ಮೊಂಡಾದರೆ ಉಣ್ಣೆಯ ಜೊತೆ ಚರ್ಮವೂ ಸಿಕ್ಕಿಕೊಳ್ಳುತ್ತದೆ, ಗಾಯಕ್ಕೆ ನೊಣ ಕೂತು ಹುಳ ಬೀಳುತ್ತದೆ.

ಹಿರಿಯೂರಿನ ಅಂಗಡಿಯಿಂದ ಒಂದು ಕಲ್ಲು ತಂದೆ. ದೊಡ್ಡಪ್ಪ ಅದನ್ನು ಮುಟ್ಟಲೂ ಇಲ್ಲ. ಅಂಗಡಿ ಕಲ್ಲು ಅಲಗನ್ನು ತಿಂದುಹಾಕುತ್ತದಂತೆ, ಗುಡ್ಡದ ಕಲ್ಲೇ ಆಗಬೇಕಂತೆ. ಅದನ್ನು ಗುರುತಿಸುವುದು ಹೇಗೆ ಎಂದು ಕೇಳಿದೆ.

"ಕೈಗೆ ಗೊತ್ತಾಗ್ತೈತೆ ಬಿಡಲೇ" ಎಂದ. ನನಗೆ ಸಿಕ್ಕ ಪಾಠ ಅಷ್ಟೇ.

ರಜೆ ದಿನವೆಲ್ಲ ಹಳ್ಳ, ಗುಡ್ಡ ಅಲೆದೆ. ಹೊಸದುರ್ಗದ ಕಡೆ ಹೋದೆ, ಬಿ.ದುರ್ಗದ ಕಡೆಯೂ ಹೋದೆ. ನನ್ನಷ್ಟಕ್ಕೆ ನಾನೇ ಕಲಿತೆ: ಹರಳು ಮಿನುಗುವ ಕಲ್ಲು ಅಲಗನ್ನು ಹರಿಯುತ್ತದೆ, ಪದರು ಪದರಾದದ್ದು ನೀರು ಬಿದ್ದರೆ ಕೆಸರಾಗುತ್ತದೆ. ಒದ್ದೆ ಮಾಡಿ ಉಗುರು ಉಜ್ಜಿದಾಗ ಗೀರು ಬೀಳದೆ ಉಗುರು ಸಣ್ಣಗೆ ಸವೆದರೆ ಅದು ಕೆಲಸಕ್ಕೆ ಬರುವ ಕಲ್ಲು. ಅಂಥವನ್ನು ಹೊತ್ತು ತಂದರೆ ದೊಡ್ಡಪ್ಪ ನೀರು ಚಿಮುಕಿಸಿ, ಹೆಬ್ಬೆರಳು ಆಡಿಸಿ, ತಲೆ ಅಲ್ಲಾಡಿಸಿ ಬೇಲಿಯಾಚೆ ಎಸೆಯುತ್ತಿದ್ದ. ಒಂದೊಂದು ಕಲ್ಲು ಬೀಳುವ ಸದ್ದಿಗೂ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ಒಂದೇ ಕಲ್ಲನ್ನು ಎರಡು ಹೋಳು ಮಾಡಿ, ಬೇರೆ ಬೇರೆ ದಿನ ಕೊಟ್ಟೆ. ಮೊದಲನೆಯದು ಒರಟು ಎಂದ. ಎರಡನೆಯದು ತೀರಾ ನುಣುಪು ಎಂದ. ಒಡೆದ ಕಲ್ಲಿನ ಸೇಡನ್ನು ಹೀಗೆ ತೀರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ಇನ್ನು ಇವನನ್ನು ಕೇಳುವುದೇ ಬೇಡ ಎನಿಸಿತು.

ಉಣ್ಣೆ ಕತ್ತರಿಸುವ ದಿನ ಬೆಳಿಗ್ಗೆ ಅದೇ ಕಲ್ಲಿನ ಒಂದು ಹೋಳಿನ ಮೇಲೆ ನಾನೇ ಕತ್ತರಿ ಮಸೆದೆ. ಮುಂಗೈ ಮೇಲೆ ಆಡಿಸಿದರೆ ಕೂದಲು ಉದುರಿ ಚರ್ಮ ನುಣ್ಣಗಾಯಿತು. ಕತ್ತರಿಯನ್ನು ಒಯ್ದು ದೊಡ್ಡಪ್ಪನ ಕೈಗಿಟ್ಟೆ. ಅವನು ಅಲಗಿನ ಮೇಲೆ ಹೆಬ್ಬೆರಳು ಎಳೆದ.

"ಇನ್ನೂ ಮೊಂಡೈತೆ. ಕಲ್ಲು ಸರಿಯಿಲ್ಲ" ಎಂದ.

ಬೈದೇಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನ ಪಂಚೆಯ ಮೇಲೆ ರಕ್ತದ ಹನಿ ಕಂಡಿತು. ಹೆಬ್ಬೆರಳು ಉದ್ದಕ್ಕೆ ಸೀಳಿತ್ತು, ಅವನಿಗೆ ಗೊತ್ತೇ ಆಗಿರಲಿಲ್ಲ. ಅವನಿಗೆ ವರ್ಷಗಳಿಂದ ಸಕ್ಕರೆ ಕಾಯಿಲೆ; ಅದರಿಂದ ಬೆರಳುಗಳು ಯಾವಾಗಿನಿಂದ ಮರಗಟ್ಟಿದ್ದವೋ, ಅವನು ಯಾರಿಗೂ ಹೇಳಿರಲಿಲ್ಲ. ನನ್ನ ಮುಖವನ್ನೇ ನೋಡುತ್ತ, ಮೊಂಡೋ ಅಲ್ಲವೋ ನೋಡೋಣವೆಂದು ಅದೇ ಬೆರಳನ್ನು ಮತ್ತೆ ಅಲಗಿನ ಮೇಲಿಟ್ಟ. ನಾನು ಅವನ ಕೈ ಹಿಡಿದುಕೊಂಡೆ.