ಕಿಡಿ ಯಜಮಾನರ ಮಗಳು

ಆಕೆಯನ್ನು ನಾನು ಮೊದಲು ಕಂಡದ್ದು ಒಂದು ಮಂಗಳವಾರ, ಬೆಳಿಗ್ಗೆ ಒಂಬತ್ತೂ ಕಾಲಿಗೆ. ನಮ್ಮ ಮನೆತನಕ್ಕೇ ಮೊದಲನೆಯದಾದ ನನ್ನ ಹಳೆಯ ಕಾರು ಬಸ್ ನಿಲ್ದಾಣದ ತಿರುವಿನಲ್ಲಿ ಟಕ್ ಟಕ್ ಎಂದು ಸುಮ್ಮನಾಗಿತ್ತು. ಕಿಟಕಿಯಿಂದ ಕೈ ಹಾಕಿ ಸ್ಟಿಯರಿಂಗ್ ಹಿಡಿದು, ತಳ್ಳಿಕೊಂಡೇ ಬ್ಯಾಟರಿ ಅಂಗಡಿಯ ಮುಂದೆ ತಂದು ನಿಲ್ಲಿಸಿದೆ. ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಹೊರಗೆ ಬಂದಳು. ಮೊಣಕೈವರೆಗೆ ರಬ್ಬರ್ ಕೈಗವಸು, ಹಣೆಗೇರಿಸಿದ ದಪ್ಪ ಕನ್ನಡಕ, ಆ್ಯಸಿಡ್ ಹನಿ ಬಿದ್ದು ತೂತು ತೂತಾದ ಉದ್ದನೆಯ ಕೋಟು.

"ಕಾರಿಗಿಂತ ನೀವೇ ಗಟ್ಟಿ ಇದ್ದೀರಲ್ಲ ಸಾರ್, ಇದನ್ಯಾಕೆ ತಗೊಂಡ್ರಿ?" ಎಂದಳು. ನಾನು ಕೈ ಜೋಡಿಸಲು ಹೋದಾಗ ತಡೆದಳು. "ವಾಚು ಬಿಚ್ಚಿಡಿ ಮೊದಲು. ಸ್ಪ್ಯಾನರ್ ತಾಗಿದ್ರೆ ಕೈಗೆ ಬರೆ ಬೀಳುತ್ತೆ." ಮೈನಸ್ ತಂತಿಯನ್ನು ಮೊದಲು ಬಿಚ್ಚಿದಳು. ಹಾಕುವಾಗ ಅದನ್ನೇ ಕಡೆಗೆ ಹಾಕಬೇಕಂತೆ.

ಒಳಗೆ ಒಂದೇ ಕಿಟಕಿಯ ಕೋಣೆ. ಕಪಾಟಿನಲ್ಲಿ ಹನ್ನೆರಡು ಬ್ಯಾಟರಿಗಳು ಚಾರ್ಜಾಗುತ್ತಾ ಗುಳುಗುಳು ಎನ್ನುತ್ತಿದ್ದವು. ಬಾಗಿಲ ಬಳಿಯ ಸ್ಟೂಲಿನ ಮೇಲೆ ಆಕೆಯ ತಂದೆ. ಪೇಟೆಯವರು ಕಿಡಿ ಯಜಮಾನರು ಎನ್ನುತ್ತಿದ್ದರು. ಎರಡು ತುದಿಗೆ ತಂತಿ ತಾಗಿಸಿ, ಚಿಮ್ಮಿದ ಕಿಡಿ ನೋಡಿಯೇ ಬ್ಯಾಟರಿಯ ಆಯಸ್ಸು ಹೇಳುತ್ತಿದ್ದರು. ಮೀಟರನ್ನು ನಂಬದ ಡ್ರೈವರುಗಳೂ ಆ ಮಾತನ್ನು ನಂಬುತ್ತಿದ್ದರು.

"ಆರು ತಿಂಗಳು ಬರುತ್ತೆ, ಹೋಗು," ಎಂದರು ನನಗೆ, ಸಂಜೆ ಚಾರ್ಜಾದ ನನ್ನ ಬ್ಯಾಟರಿಗೆ ತಂತಿ ತಾಗಿಸಿ. ಅದಕ್ಕೆ ಮುಂಚೆ ಮಗಳು ಒಮ್ಮೆ ಕೆಮ್ಮಿದ್ದನ್ನು ನಾನು ಗಮನಿಸಿದ್ದೆ.

ನಾಲ್ಕನೇ ಸಲ ಹೋದಾಗ ಗುಟ್ಟು ತಿಳಿಯಿತು. "ಅಪ್ಪಂಗೆ ಮೀಟರಿನ ಅಂಕಿ ಕಾಣಲ್ಲ ಸಾರ್. ಕಿಡಿ ಮಾತ್ರ ಮಂಜು ಮಂಜಾಗಿ ಕಾಣುತ್ತೆ. ನಾನು ಮೊದಲೇ ಅಳೆದಿರ್ತೀನಿ. ಒಂದು ಕೆಮ್ಮಿದ್ರೆ ಪರವಾಗಿಲ್ಲ, ಎರಡು ಕೆಮ್ಮಿದ್ರೆ ಕೆಟ್ಟಿದೆ." ಚಾರ್ಜಾಗುವ ಬ್ಯಾಟರಿಯಿಂದ ಹೊರಡುವ ಅನಿಲ ಸಿಡಿಯಲು ಒಂದು ಕಿಡಿ ಸಾಕು. ಅದಕ್ಕೇ ಆಕೆ ಬ್ಯಾಟರಿಯನ್ನು ಹೊರಗೆ ಗಾಳಿಯಲ್ಲಿ ಒಂದು ಗಂಟೆ ಇಟ್ಟ ಮೇಲೆಯೇ ತಂದೆಯ ಮುಂದೆ ತರುತ್ತಿದ್ದಳು. ತಂತಿ ಬಿಡಿ ಎಂದು ಹೇಳಿ ಹೇಳಿ ನಾಲಿಗೆ ಸವೆದಿತ್ತು. ಅವರೊಬ್ಬರನ್ನೇ ಬಿಡಲಾಗದೆ ನೆಂಟರ ಮನೆಯಲ್ಲಿ ಒಂದು ರಾತ್ರಿಯೂ ಉಳಿದವಳಲ್ಲ.

ಆ ವರ್ಷ ಸಿಟಿ ಬಸ್ ಡಿಪೋದ ಬ್ಯಾಟರಿ ವಿಭಾಗದಲ್ಲಿ ಆಕೆಗೆ ಕೆಲಸ ಸಿಕ್ಕಿತು. ಸೋಮವಾರ ಹಾಜರಾಗಬೇಕು, ತಪ್ಪಿದರೆ ಮುಂದಿನವರಿಗೆ. ತಂದೆಗೆ ಹೇಳಿದಳು.

"ಹೋಗು. ನಾನೇನು ನಿನ್ನ ಕಟ್ಟಿ ಹಾಕಿದೀನಾ?" ಎಂದರು ಅವರು. "ನಾನಿಲ್ವಾ ಅಂಗಡಿಗೆ?"

ಶನಿವಾರ ನಾನು ಅಂಗಡಿಯ ಮುಂದೆಯೇ ಇದ್ದೆ. ಆಕೆ ರಸ್ತೆಯಲ್ಲಿ ಕಾರೊಂದಕ್ಕೆ ಬ್ಯಾಟರಿ ಕೂರಿಸುತ್ತಿದ್ದಳು. ಲಾರಿ ಡ್ರೈವರೊಬ್ಬ ಒಳಗೆ ಯಜಮಾನರಿಗೆ ಅವಸರ ಮಾಡುತ್ತಿದ್ದ. ಮಗಳನ್ನು ಕರೆಯದೆ ಅವರೇ ಎದ್ದು, ಕಪಾಟು ತಡವಿ, ಚಾರ್ಜಾಗುತ್ತಿದ್ದ ಬ್ಯಾಟರಿಗೇ ತಂತಿ ತಾಗಿಸಿದರು.

ಗುಂಡು ಹೊಡೆದಂಥ ಸದ್ದು. ಬ್ಯಾಟರಿ ಸಿಡಿದು ಆ್ಯಸಿಡ್ ಅವರ ಮುಖಕ್ಕೆ ಎರಚಿತ್ತು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಆಕೆ ತಂದೆಯ ಕಾಲರ್ ಹಿಡಿದು ನಲ್ಲಿಗೆ ಎಳೆದಾಗಿತ್ತು.

"ಕಣ್ಣು ಬಿಡಿ ಅಪ್ಪಾ, ನೀರು ಹೋಗ್ಲಿ!"

"ಸಾಕು ಬಿಡೇ, ಉಸಿರು ಕಟ್ಟುತ್ತೆ!"

"ಇಪ್ಪತ್ತು ನಿಮಿಷ ಆಗ್ಲಿ. ಸಾರ್, ಟೈಮ್ ನೋಡಿ."

ಲಾರಿ ಡ್ರೈವರ್ ಕೇಳಿದ, "ಚಾರ್ಜರಿನ ಕೆಂಪು ದೀಪ ಉರೀತಿತ್ತಲ್ಲ ಯಜಮಾನ್ರೇ, ಕಾಣಲಿಲ್ವಾ?"

"ಕಾಣಲ್ಲ ಅವರಿಗೆ," ಎಂದಳು ಮಗಳು. "ನಾಲ್ಕು ವರ್ಷದಿಂದ ಕಾಣಲ್ಲ."

ಬಾಗಿಲಲ್ಲಿ ಐದಾರು ಜನ ನಿಂತಿದ್ದರು. ನಲ್ಲಿಯ ಕೆಳಗೆ ಯಜಮಾನರು ಕೊಸರಾಡುವುದನ್ನು ನಿಲ್ಲಿಸಿದರು.

ನೀರು ಸುರಿದದ್ದರಿಂದ ಆ್ಯಸಿಡ್ ಕಣ್ಣಿಗೆ ಹಾನಿ ಮಾಡಿಲ್ಲ, ಹಳೆಯ ಮಬ್ಬಿಗೆ ಮಾತ್ರ ಮದ್ದಿಲ್ಲ ಎಂದರು ಕಣ್ಣಿನ ವೈದ್ಯರು. ಆಸ್ಪತ್ರೆಯ ಬೆಂಚಿನ ಮೇಲೆ ತಂದೆ ಬಾಯಿಬಿಟ್ಟರು.

"ಊರಿಗೆಲ್ಲ ಡಂಗುರ ಸಾರಿಬಿಟ್ಟೆಯಲ್ಲೇ. ಇನ್ಯಾರು ಬರ್ತಾರೆ ಅಂಗಡಿಗೆ?"

"ಮುಚ್ಚೋಣ ಅಪ್ಪ."

"ಮುಚ್ಚಿ? ಗೋಡೆ ನೋಡ್ತಾ ಕೂರಲಾ? ಅದೂ ಕಾಣಲ್ವಲ್ಲೇ ನಂಗೆ!"

ಆಕೆ ನಕ್ಕುಬಿಟ್ಟಳು. ಆಮೇಲೆ ಮದ್ದಿನ ಚೀಟಿ ಹಿಡಿದು ಎದ್ದಳು.

ಸೋಮವಾರ ಆ ದಾರಿಯಲ್ಲಿ ಹೋದಾಗ ಅಂಗಡಿ ತೆರೆದಿತ್ತು. ಡಿಪೋಗೆ ಹೋಗಲಿಲ್ಲವೇ ಎಂದು ಕೇಳಿದೆ.

"ಒಬ್ಬರನ್ನೇ ಬಿಟ್ರೆ ಕದ್ದು ತಂತಿ ಹಿಡೀತಾರೆ ಸಾರ್. ನಿಜ ಹೇಳಿಬಿಟ್ರೆ ಬಿಡುಗಡೆ ಅಂದ್ಕೊಂಡಿದ್ದೆ. ಈಗ ಅವರಿಗೆ ಕಾಣಲ್ಲ ಅಂತ ಎಲ್ರಿಗೂ ಗೊತ್ತು. ಹೋದ್ರೆ, ಕುರುಡನ್ನ ಬಿಟ್ಟು ಹೋದ್ಲು ಅಂತಾರೆ." ಕೈಗವಸು ಏರಿಸಿಕೊಂಡು ಒಳಗೆ ಹೋದಳು.

ಆಕೆ ಈಗಲೂ ಅದೇ ಅಂಗಡಿಯನ್ನು ನಡೆಸುತ್ತಾಳೆ. ಬೆಳಿಗ್ಗೆ ಎಂಟಕ್ಕೆ ತೆರೆದು, ಬ್ಯಾಟರಿಗಳನ್ನು ಮೀಟರಿನಲ್ಲಿ ಅಳೆದು, ಸ್ಟೂಲಿನ ಮೇಲೆ ಕುಳಿತ ತಂದೆಗೆ ಕೇಳುವಂತೆ ಅಂಕಿ ಓದುತ್ತಾಳೆ. ಸಂಜೆ ಏಳಕ್ಕೆ ಅವರ ಕೈ ಹಿಡಿದು ಮನೆಗೆ ಕರೆದೊಯ್ಯುತ್ತಾಳೆ.